ಸೂರಿಲ್ಲದ ಮಗುವಿನ ಟಿ.ಸಿ.

ಕಟ್ಟಡ ಕಾಮಗಾರಿಯ ತಗಡಿನ ಶೆಡ್ಡಿನಲ್ಲಿ ವಾಸಿಸುವ ಎಂಟನೆಯ ತರಗತಿಯ ಬಾಲಕಿಯ ಕುಟುಂಬವು ಕೆಲಸ ಮುಗಿದೊಡನೆ ಬೇರೆಡೆಗೆ ಹೊರಡಲಿರುವುದರಿಂದ, ಆಕೆ ಸಕಾಲದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸುವುದು ಹೇಗೆಂದು ವಿಚಾರಿಸಿರುವ ಶಿಕ್ಷಕಿಯು ಮೊದಲು ಗಮನಿಸಬೇಕಾದುದು ಟಿ.ಸಿ.ಯನ್ನು, ಅಂದರೆ ವರ್ಗಾವಣೆ ಪತ್ರವನ್ನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಪ್ರಕರಣದಂತೆ ಮುಖ್ಯ ಶಿಕ್ಷಕರು ಅದನ್ನು ತಕ್ಷಣ ಕೊಡತಕ್ಕದ್ದು. ಅದು ಬರುವುದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ರಾಜ್ಯದಲ್ಲಿ ಪ್ರತಿ ವಿದ್ಯಾರ್ಥಿಗೂ ನೀಡಲಾಗುವ ಗುರುತಿನ ಸಂಖ್ಯೆಯಾದ ಸ್ಯಾಟ್ಸ್ ಸಂಖ್ಯೆಯನ್ನು ತಾಯಿಯ ಕೈಗೆ ಬರೆದುಕೊಟ್ಟರೆ, ಊರು ಬದಲಾದರೂ ದಾಖಲೆಯ ಎಳೆ ಕಡಿಯುವುದಿಲ್ಲ.

ನಿಜವಾದ ಅಪಾಯವಿರುವುದು ಎಂಟನೆಯ ತರಗತಿ ಮುಗಿದ ನಂತರ. ಕಾಯ್ದೆಯ ಉಚಿತ, ಕಡ್ಡಾಯ ಶಿಕ್ಷಣದ ರಕ್ಷಣೆ ಎಂಟನೆಯ ತರಗತಿಗೆ ನಿಲ್ಲುವುದರಿಂದ, ಒಂಬತ್ತು ಮತ್ತು ಹತ್ತನೆಯ ತರಗತಿಗಳನ್ನು ಆಕೆ ಒಂದೇ ಕಡೆ ನೆಲೆನಿಂತು ಓದುವಂತೆ, ಸಮಾಜ ಕಲ್ಯಾಣ ಇಲಾಖೆ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯದಲ್ಲಿ, ಎಂದರೆ ಎಸ್ಸೆಸ್ಸೆಲ್ಸಿವರೆಗಿನವರ ಹಾಸ್ಟೆಲಿನಲ್ಲಿ, ಸ್ಥಳ ಕೊಡಿಸುವುದು ಉಳಿದೆಲ್ಲ ನೆರವಿಗಿಂತ ಮಿಗಿಲು. ಅಲ್ಲಿಯವರೆಗೆ ಶಾಲೆ ಬಿಟ್ಟ ಮೇಲೆ ಆಕೆ ಅಲ್ಲೇ ಹೋಂವರ್ಕ್ ಮಾಡಿಕೊಳ್ಳುವಂತೆ ಒಂದು ಗಂಟೆ ತರಗತಿಯ ಕೊಠಡಿಯನ್ನು ತೆರೆದಿಡುವುದೂ ಅಗತ್ಯ. ಮನೆಯೇ ಇಲ್ಲದವಳಿಗೆ ಹೋಂವರ್ಕ್ ಮಾಡಿಲ್ಲವೆಂದು ಶಿಕ್ಷೆ ಕೊಡುವುದು ವಿಪರ್ಯಾಸವೇ ಸರಿ. ಹಾಸ್ಟೆಲಿನ ಅರ್ಜಿಗೆ ಬೇಕಾಗುವ ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳನ್ನು ಕುಟುಂಬವು ಊರು ಬಿಡುವ ಮೊದಲೇ ಮಾಡಿಸಿಡುವಂತೆ ಶಿಕ್ಷಕಿಯು ಈ ವಾರವೇ ಹೇಳಬೇಕು.