ನಮ್ಮ ಶುದ್ಧಿ, ನೆರೆಯವರ ಬಾವಿ



ಶುಚಿತ್ವವು ಈಮಾನಿನ ಅರ್ಧ ಭಾಗವೆಂದು ಪ್ರವಾದಿ ಮುಹಮ್ಮದ್(ಸ)ರವರು ಕಲಿಸಿದ್ದಾರೆ. ನಮಾಝ್‌ಗೆ ಮುನ್ನ ಮುಖ ತೊಳೆದು, ಮೊಣಕೈವರೆಗೆ ಕೈ ತೊಳೆದು, ತಲೆ ಸವರಿ, ಪಾದದ ಗಂಟಿನವರೆಗೆ ಕಾಲು ತೊಳೆಯಬೇಕೆಂದು ಪವಿತ್ರ ಕುರ್‌ಆನಿನ ಸೂರಾ ಅಲ್ ಮಾಇದಾದ 6ನೇ ವಚನ ಆದೇಶಿಸುತ್ತದೆ. ನಿದ್ದೆಯಿಂದ ಎದ್ದವರು ಕೈ ತೊಳೆಯದೆ ನೀರಿನ ಪಾತ್ರೆಗೆ ಅದ್ದಬಾರದು, ಉಗುರು ಕತ್ತರಿಸಲು 40 ದಿನ ಮೀರಬಾರದು, ಜುಮಾ ದಿನ ಸ್ನಾನ ಮಾಡಬೇಕು ಎಂದು ಹದೀಸ್‌ಗಳಲ್ಲಿದೆ. ಇಷ್ಟನ್ನು ನಮ್ಮ ಮಕ್ಕಳು ಮದ್ರಸದಲ್ಲೇ ಕಲಿಯುತ್ತಾರೆ. ಇತರರ ನೀರನ್ನೂ ದಾರಿಯನ್ನೂ ಕೆಡಿಸಬಾರದೆಂಬ ಪಾಠವೂ ಇದರ ಜೊತೆಗೇ ಇದೆ. ಅದರ ಬಗ್ಗೆ ನಾವು ಮಾತನಾಡುವುದು ಕಡಿಮೆ.

ನೀರಿನ ಮಿತಬಳಕೆ: ಪ್ರವಾದಿ(ಸ)ರವರು ಒಂದು ‘ಮುದ್ದ್’ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಅದು ಒಂದು ಬೊಗಸೆಯ ಅಳತೆ, ಸುಮಾರು ಮುಕ್ಕಾಲು ಲೀಟರ್. ನಲ್ಲಿ ತೆರೆದಿಟ್ಟರೆ ಅದರ ಹಲವು ಪಟ್ಟು ನೀರು ಹರಿದುಹೋಗುತ್ತದೆ. ಮಳೆಗಾಲದಲ್ಲಿ ಅಂಗಳದವರೆಗೆ ನೀರು ಬರುವ ನಮ್ಮೂರುಗಳಲ್ಲೇ ಏಪ್ರಿಲ್-ಮೇ ತಿಂಗಳಲ್ಲಿ ಹೊಳೆ ಬದಿಯ, ಕಡಲ ಬದಿಯ ಬಾವಿಗಳು ಉಪ್ಪಾಗುತ್ತವೆ. ಮಸೀದಿಯಲ್ಲಿ ಉಳಿಸಿದ ಒಂದು ಕೊಡ ನೀರು ಆಗ ಒಂದು ಮನೆಗೆ ಆಗುತ್ತದೆ.

ಬಾವಿ ಮತ್ತು ಶೌಚಾಲಯ: ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನೂ ಜನರ ದಾರಿಯಲ್ಲಿ, ನೆರಳಿನಲ್ಲಿ ಮಲವಿಸರ್ಜಿಸುವುದನ್ನೂ ಪ್ರವಾದಿ(ಸ)ರವರು ನಿಷೇಧಿಸಿದರು. ಕರಾವಳಿಯಲ್ಲಿ ಮಳೆಗಾಲ ಬಂದರೆ ಬಾವಿಯ ನೀರು ಕೈಗೆಟಕುವಷ್ಟು ಮೇಲೇರುತ್ತದೆ. ಐದು ಸೆಂಟ್ಸ್ ಜಾಗದಲ್ಲಿ ನಮ್ಮ ಶೌಚಾಲಯದ ಗುಂಡಿ ಪಕ್ಕದ ಮನೆಯ ಬಾವಿಗೆ ಹತ್ತಿರವಾದರೆ ಕೊಳೆ ಅಲ್ಲಿಗೆ ಇಳಿದು ವಾಂತಿಭೇದಿ, ಟೈಫಾಯಿಡ್, ಕಾಮಾಲೆ ಬರಬಹುದು. ಮನೆ ಕಟ್ಟುವಾಗಲೇ ಗುಂಡಿಯನ್ನು ಎಲ್ಲರ ಬಾವಿಗಳಿಂದ ದೂರವಿಡೋಣ. ಮಳೆಗಾಲದಲ್ಲಿ ನೀರನ್ನು ಕುದಿಸಿ ಕುಡಿಯೋಣ. ಕಸ ರಾಶಿ ಹಾಕಿದಲ್ಲಿ ಇಲಿ, ಇಲಿಯಿಂದ ಇಲಿಜ್ವರ ಎಂಬುದೂ ನೆನಪಿರಲಿ.

ಶುಚಿ ಮಾಡುವವರ ಗೌರವ: ಮದೀನಾದ ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬರು ತೀರಿಕೊಂಡಾಗ ಸಹಾಬಿಗಳು ಪ್ರವಾದಿ(ಸ)ರಿಗೆ ತಿಳಿಸದೆ ದಫನ ಮಾಡಿದ್ದರು. ಅವರು ಕಾಣದಿದ್ದುದನ್ನು ಗಮನಿಸಿ ವಿಚಾರಿಸಿದ ಪ್ರವಾದಿ(ಸ)ರವರು ಕಬರಿನ ಬಳಿಗೇ ಹೋಗಿ ನಮಾಝ್ ನಿರ್ವಹಿಸಿದರು. ನಮ್ಮ ಬೀದಿಯ ಕಸ ಎತ್ತುವವರ ಹೆಸರು ನಮಗೆಷ್ಟು ಜನರಿಗೆ ಗೊತ್ತು?

ವಿದ್ಯಾರ್ಥಿವೇತನ ಪಡೆದು ಹಾಸ್ಟೆಲ್ ಸೇರುವ ಮಕ್ಕಳು ಅಲ್ಲಿನ ಶೌಚಾಲಯವನ್ನು ಮುಂದಿನವರಿಗಾಗಿ ಸ್ವಚ್ಛವಾಗಿ ಬಿಟ್ಟುಬರಲಿ. ಶಾಲೆಯ ಶೌಚಾಲಯದಲ್ಲಿ ನೀರಿಲ್ಲದಿದ್ದರೆ ತಿಂಗಳ ಆ ದಿನಗಳಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ ಉಳಿಯುತ್ತಾರೆ, ಪಾಠ ತಪ್ಪುತ್ತದೆ. ಆದ್ದರಿಂದ ನಿಮ್ಮೂರ ಶಾಲೆಗೆ ಒಂದು ನೀರಿನ ಟ್ಯಾಂಕ್ ಕೊಡುವುದೂ ವಿದ್ಯಾದಾನವೇ ಎಂದು ದಾನಿಗಳಲ್ಲಿ ವಿನಂತಿಸುತ್ತೇವೆ.

ಅಲ್ಲಾಹನು ನಮ್ಮೆಲ್ಲರ ಸತ್ಕರ್ಮಗಳನ್ನು ಸ್ವೀಕರಿಸಲಿ. ಆಮೀನ್.