ಹಕ್ಕಿ ಎಣಿಸುವ ಎರಡು ವಿಧಾನ: ಹೋಲಿಕೆಗೆ ಯಾವ ಟೆಸ್ಟ್?

ಕೊಡಗಿನ ಕಾಫಿ ತೋಟಗಳಲ್ಲಿ ಹಕ್ಕಿ ಸಮೀಕ್ಷೆಗೆ ಹೊರಟವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಂದೇ ಕಡೆ ನಿಂತು ಹತ್ತು ನಿಮಿಷ ಕಂಡದ್ದನ್ನೂ ಕೇಳಿದ್ದನ್ನೂ ಬರೆದುಕೊಳ್ಳುವುದು ಪಾಯಿಂಟ್ ಕೌಂಟ್. ಗೊತ್ತುಮಾಡಿದ ಗೆರೆಯುದ್ದಕ್ಕೂ ನಿಧಾನವಾಗಿ ನಡೆಯುತ್ತ ಎಣಿಸುವುದು ಲೈನ್ ಟ್ರಾನ್ಸೆಕ್ಟ್. ಎರಡನ್ನೂ ಹೋಲಿಸಲು ಯಾವ ಟೆಸ್ಟ್ ಬಳಸಬೇಕೆಂದು ವಿದ್ಯಾರ್ಥಿಗಳು ಕೇಳುವುದು ತೋಟದ ಕೆಲಸವೆಲ್ಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಆಯ್ಕೆ ಮುಕ್ಕಾಲುಪಾಲು ಕೈತಪ್ಪಿರುತ್ತದೆ.

ಆದ್ದರಿಂದ ಮೊದಲ ಹೆಜ್ಜೆ ತೋಟದಲ್ಲೇ. ಪ್ರತಿ ಜಾಗದಲ್ಲೂ ಎರಡೂ ವಿಧಾನ ನಡೆಸಿ. ಒಂದು ತೋಟದಲ್ಲಿ ಪಾಯಿಂಟ್ ಕೌಂಟ್, ಇನ್ನೊಂದರಲ್ಲಿ ಟ್ರಾನ್ಸೆಕ್ಟ್ ಮಾಡಿದರೆ ಹೋಲಿಕೆಯಾಗುವುದು ತೋಟಗಳದ್ದು, ವಿಧಾನಗಳದ್ದಲ್ಲ. ಬರೀ ಸಿಲ್ವರ್ ಓಕ್ ಇರುವ ತೋಟದ ಹಕ್ಕಿಗಳೇ ಬೇರೆ, ಅತ್ತಿ, ಹಲಸು ಉಳಿಸಿಕೊಂಡ ತೋಟದವೇ ಬೇರೆ. ಯಾವ ವಿಧಾನ ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಬೆಳಗಿನ ಅದೇ ಹೊತ್ತು, ಅದೇ ವೀಕ್ಷಕರು, ಎರಡಕ್ಕೂ ಸಮಾನ ಸಮಯ ಇರಲಿ.

ಲೆಕ್ಕದ ಘಟಕ ಹಕ್ಕಿಯಲ್ಲ, ಜಾಗ. ಆರು ಜಾಗಕ್ಕೆ ಐದೈದು ಸಲ ಹೋಗಿಬಂದರೆ ಮೂವತ್ತು ಸ್ವತಂತ್ರ ಮಾದರಿಗಳಾಗುವುದಿಲ್ಲ, ಇರುವುದು ಆರೇ. ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಸ್ಯೂಡೊರೆಪ್ಲಿಕೇಶನ್ ಎಂಬ ಹೆಸರಿಟ್ಟು ಎಚ್ಚರಿಸಿದ್ದು ಇದನ್ನೇ. ಪ್ರತಿ ಜಾಗದ ಭೇಟಿಗಳ ಸರಾಸರಿ ತೆಗೆದುಕೊಂಡು ಮುಂದುವರಿಯಿರಿ.

ಹಕ್ಕಿಗಳ ಸಂಖ್ಯೆ ಹೋಲಿಸುವುದಾದರೆ ಪ್ರತಿ ಜಾಗಕ್ಕೂ ಎರಡು ವಿಧಾನಗಳ ಎಣಿಕೆಯ ವ್ಯತ್ಯಾಸ ಲೆಕ್ಕಹಾಕಿ, ಅದನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ನೋಡಿ. ಚುಕ್ಕಿಗಳು ನಡುವಿನ ಎರಡೂ ಕಡೆ ಹೆಚ್ಚುಕಮ್ಮಿ ಸಮವಾಗಿ ಹರಡಿದ್ದರೆ ಪೇರ್ಡ್ ಟಿ-ಟೆಸ್ಟ್ ಸಾಕು. ನಾರ್ಮಲ್ ಆಗಿರಬೇಕಾದದ್ದು ಈ ವ್ಯತ್ಯಾಸಗಳೇ ಹೊರತು ಮೂಲ ಎಣಿಕೆಗಳಲ್ಲ. ಒಂದೆರಡು ಚುಕ್ಕಿ ದೂರ ಸಿಡಿದಿದ್ದರೆ ವಿಲ್ಕಾಕ್ಸನ್ ಸೈನ್ಡ್ ರ‍್ಯಾಂಕ್ ಟೆಸ್ಟ್. ಆದರೆ ಐದೇ ಜಾಗಗಳಿದ್ದರೆ ಇದರಲ್ಲಿ ಸಿಗಬಹುದಾದ ಅತಿ ಚಿಕ್ಕ ಪಿ-ವ್ಯಾಲ್ಯೂ 0.0625. ಐದರಲ್ಲೂ ಟ್ರಾನ್ಸೆಕ್ಟೇ ಗೆದ್ದರೂ 0.05ರ ಗೆರೆ ದಾಟಲಾಗದು! ಮೂರನೆಯ ವಿಧಾನವಾಗಿ ಧ್ವನಿಮುದ್ರಣ ಯಂತ್ರವೂ ಇದ್ದರೆ ಫ್ರೀಡ್‌ಮನ್ ಟೆಸ್ಟ್. ಬೆಳ್ಗಣ್ಣದಂಥ ಹಕ್ಕಿಗಳು ಹಿಂಡುಹಿಂಡಾಗಿ ಬಂದು, ಮಿಕ್ಕ ಕಡೆ ಸೊನ್ನೆಗಳೇ ತುಂಬಿದ್ದರೆ ಜಾಗವನ್ನು ರ‍್ಯಾಂಡಮ್ ಎಫೆಕ್ಟ್ ಆಗಿ ಸೇರಿಸಿದ ನೆಗೆಟಿವ್ ಬೈನಾಮಿಯಲ್ ಮಾಡೆಲ್ ಬಳಸಿ. ಇದಕ್ಕೆ ಸರಾಸರಿ ಬೇಡ, ಪ್ರತಿ ಭೇಟಿಯ ಎಣಿಕೆಯನ್ನೇ ಕೊಡಬೇಕು. ಕಲಿಯಲು ಕೆಲವು ವಾರ ಹಿಡಿದರೂ ನಾನು ಸೂಚಿಸುವುದು ಇದನ್ನೇ.

ಹಕ್ಕಿ ಸಿಕ್ಕಿತೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾದರೆ ಮ್ಯಾಕ್‌ನೆಮರ್ ಟೆಸ್ಟ್. ಎಲೆಗಳ ಮರೆಯಿಂದ ಕೂಗುವ ಕುಟ್ರುಹಕ್ಕಿಯನ್ನೇ ತೆಗೆದುಕೊಳ್ಳಿ. 20 ಜಾಗಗಳ ಪೈಕಿ 8ರಲ್ಲಿ ಎರಡೂ ವಿಧಾನಕ್ಕೆ ಸಿಕ್ಕಿತು, 3ರಲ್ಲಿ ಎರಡಕ್ಕೂ ಸಿಗಲಿಲ್ಲ, 8ರಲ್ಲಿ ಪಾಯಿಂಟ್ ಕೌಂಟಿಗೆ ಮಾತ್ರ, 1ರಲ್ಲಿ ಟ್ರಾನ್ಸೆಕ್ಟಿಗೆ ಮಾತ್ರ ಸಿಕ್ಕಿತು ಎಂದುಕೊಳ್ಳೋಣ. ಎರಡೂ ಒಪ್ಪಿದ 11 ಜಾಗಗಳನ್ನು ಬದಿಗಿಡಿ. ಉಳಿದ 9ರಲ್ಲಿ 8-1ರಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ 512ರಲ್ಲಿ 20, ಅಂದರೆ ಸುಮಾರು 0.04. ಕಂಪ್ಯೂಟರ್ ಇಲ್ಲದೆಯೂ ಮಾಡಬಹುದಾದ ಲೆಕ್ಕವಿದು.

ಪ್ರಭೇದಗಳ ಸಂಖ್ಯೆಯನ್ನು ಮಾತ್ರ ಹಾಗೇ ಹೋಲಿಸಬೇಡಿ. ಹೆಚ್ಚು ಹಕ್ಕಿ ಎಣಿಸಿದಷ್ಟೂ ಹೊಸ ಪ್ರಭೇದ ಸಿಗುತ್ತ ಹೋಗುತ್ತದೆ. ರೇರಿಫ್ಯಾಕ್ಷನ್ ಮೂಲಕ ಸಮಾನ ಎಣಿಕೆಗೆ ಇಳಿಸಿ ನೋಡಿ.

ಇನ್ನೊಂದು ಮಾತು ಬಾಕಿಯಿದೆ. ಹೆಚ್ಚು ಹಕ್ಕಿ ತೋರಿಸಿದ ವಿಧಾನವೇ ಮೇಲು ಎಂದು ಈ ಯಾವ ಟೆಸ್ಟೂ ಹೇಳುವುದಿಲ್ಲ. ನಡೆಯುವಾಗ ಒಂದೇ ಪಿಕಳಾರವನ್ನು ಎರಡು ಸಲ ಎಣಿಸಿರಬಹುದು. ತೋಟದಲ್ಲಿ ನಿಜಕ್ಕೂ ಎಷ್ಟು ಹಕ್ಕಿಗಳಿವೆ ಎಂದು ಅಂದಾಜಿಸಲು ಡಿಸ್ಟೆನ್ಸ್ ಸ್ಯಾಂಪ್ಲಿಂಗ್ ಬೇಕು. ಅದಕ್ಕಾಗಿ ಪ್ರತಿ ಹಕ್ಕಿಯ ಹೆಸರಿನ ಪಕ್ಕದಲ್ಲಿ ದೂರವನ್ನೂ ಬರೆದಿಟ್ಟುಕೊಳ್ಳಿ: ಪಾಯಿಂಟ್ ಕೌಂಟಿನಲ್ಲಿ ನೀವು ನಿಂತ ಜಾಗದಿಂದ, ಟ್ರಾನ್ಸೆಕ್ಟಿನಲ್ಲಿ ಗೆರೆಯಿಂದ ನೇರ ಅಡ್ಡಕ್ಕೆ. ಮನೆಗೆ ಬಂದ ಮೇಲೆ ಆ ಕಾಲಂ ತುಂಬಿಸಲು ಬರುವುದಿಲ್ಲ.