ಕೈಗುಣ ಎಷ್ಟು, ಮದ್ದಿನ ಗುಣ ಎಷ್ಟು?

ಕಳೆದ ಮಳೆಗಾಲದಲ್ಲಿ ಕಡಬ ಕಡೆಯ ಹಿರಿಯರೊಬ್ಬರು ಕಾಲಿನ ಗಾಯ ತೋರಿಸಲು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಹತ್ತು ವರ್ಷಗಳ ಸಕ್ಕರೆ ಕಾಯಿಲೆ. ಯಾರೋ ಕೊಟ್ಟ ಪುಡಿ ತಿನ್ನಲು ಶುರುಮಾಡಿ, ಮಾತ್ರೆ ಬಿಟ್ಟು ಎರಡು ತಿಂಗಳಾಗಿತ್ತು. "ಮೈ ಹಗುರವಾಗಿದೆ ಡಾಕ್ಟ್ರೇ, ನಿದ್ದೆಯೂ ಬರುತ್ತದೆ. ಅವರ ಕೈಗುಣ ಒಳ್ಳೆಯದು" ಎಂದರು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ 380 ಇತ್ತು. ಅಂದೇ ಪುತ್ತೂರಿನ ಆಸ್ಪತ್ರೆಗೆ ಕಳುಹಿಸಿದೆ.

ಅವರು ಸುಳ್ಳು ಹೇಳಿರಲಿಲ್ಲ. ನಿಜವಾಗಿಯೂ ಹಗುರವೆನಿಸಿತ್ತು, ಸಕ್ಕರೆ ಮಾತ್ರ ಇಳಿದಿರಲಿಲ್ಲ. ಈ ವ್ಯತ್ಯಾಸ ಪ್ರತಿ ಮನೆಗೂ ತಿಳಿದಿರಬೇಕು.

ಪ್ಲಾಸಿಬೊ ಎಂದರೇನು?

ಔಷಧದ ಅಂಶವೇ ಇಲ್ಲದ, ನೋಡಲು ಮಾತ್ರ ಮದ್ದಿನಂತಿರುವ ಮಾತ್ರೆಗೆ ಪ್ಲಾಸಿಬೊ ಎನ್ನುತ್ತಾರೆ. ಅದನ್ನು ನುಂಗಿದ ಕೆಲವರಿಗೆ ನೋವು, ವಾಕರಿಕೆ, ಆತಂಕ ಕಡಿಮೆಯಾಗುತ್ತದೆ. ಇದು ಬರೀ ಭ್ರಮೆಯಲ್ಲ. ಗುಣವಾಗುತ್ತದೆ ಎಂಬ ನಿರೀಕ್ಷೆ ಹುಟ್ಟಿದಾಗ ಮೆದುಳು ಎಂಡಾರ್ಫಿನ್ ಎಂಬ ತನ್ನದೇ ನೋವುನಿವಾರಕವನ್ನು ಬಿಡುಗಡೆ ಮಾಡುತ್ತದೆ. ಹಲ್ಲು ಕೀಳಿಸಿಕೊಂಡವರ ಮೇಲೆ ಅಮೆರಿಕದಲ್ಲಿ ನಡೆದು 1978ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಪುರಾವೆ ಕೊಟ್ಟಿತು. ಎಂಡಾರ್ಫಿನ್‌ನ ಕೆಲಸವನ್ನು ತಡೆಯುವ ನಾಲೊಕ್ಸೋನ್ ಕೊಟ್ಟಾಗ, ಪ್ಲಾಸಿಬೊದಿಂದ ತಗ್ಗಿದ್ದ ನೋವು ಮತ್ತೆ ಹೆಚ್ಚಿತು.

ಅಭ್ಯಾಸದ ಬಲವೂ ಇದೆ. "ಒಂದು ಸೂಜಿ ಹಾಕಿ ಡಾಕ್ಟ್ರೇ" ಎನ್ನುವವರಿಗೆ ಸೂಜಿ ಚುಚ್ಚಿದ ಕೂಡಲೇ ಅರ್ಧ ಗುಣ!

ನೆಮ್ಮದಿ ಬೇರೆ, ಗುಣ ಬೇರೆ

2011ರಲ್ಲಿ ಪ್ರಕಟವಾದ ಅಸ್ತಮಾ ಅಧ್ಯಯನವೊಂದನ್ನು ನೋಡಿ. ಅಸಲಿ ಇನ್‌ಹೇಲರ್ ಬಳಸಿದಾಗಲೂ ಪ್ಲಾಸಿಬೊ ಇನ್‌ಹೇಲರ್ ಬಳಸಿದಾಗಲೂ ರೋಗಿಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಆರಾಮವೆಂದರು. ಆದರೆ ಯಂತ್ರದಲ್ಲಿ ಉಸಿರು ಅಳೆದಾಗ, ಅಸಲಿ ಮದ್ದಿನಲ್ಲಿ ಶೇ. 20ರಷ್ಟು ಸುಧಾರಣೆ, ಪ್ಲಾಸಿಬೊದಲ್ಲಿ ಶೇ. 7ರಷ್ಟು ಮಾತ್ರ. ಯಾವ ಚಿಕಿತ್ಸೆಯನ್ನೂ ಕೊಡದಿದ್ದಾಗಲೂ ಅಷ್ಟೇ ಇತ್ತು. ಮನಸ್ಸು ಒಪ್ಪಿತು, ಶ್ವಾಸನಾಳ ಒಪ್ಪಲಿಲ್ಲ.

ಪರೀಕ್ಷೆಯಲ್ಲಿ ಇದರ ಬಳಕೆ

ಕೆಲವು ಕಾಯಿಲೆಗಳು ತಾವಾಗಿಯೇ ವಾಸಿಯಾಗುತ್ತವೆ. ಹೆಪಟೈಟಿಸ್ 'ಎ'ಯಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಹೆಸರು ಮಾತ್ರ ಆ ದಿನಗಳಲ್ಲಿ ಕುಡಿದ ಮದ್ದಿಗೆ. ಹಾಗಾಗಿಯೇ ಹೋಲಿಕೆ ಬೇಕು. ಯುನಾನಿಯ ಮಹಾವೈದ್ಯ ಅಲ್-ರಾಝಿ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ, ಒಂದು ಗುಂಪಿನ ರೋಗಿಗಳಿಗೆ ರಕ್ತ ತೆಗೆದು, ಇನ್ನೊಂದು ಗುಂಪಿಗೆ ತೆಗೆಯದೆ ಹೋಲಿಸಿ ನೋಡಿದ್ದನ್ನು ಬರೆದಿಟ್ಟಿದ್ದಾರೆ. ಇಂದು ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ಪ್ಲಾಸಿಬೊ ಕೊಡುತ್ತಾರೆ; ಯಾರಿಗೆ ಯಾವುದೆಂದು ರೋಗಿಗೂ ವೈದ್ಯರಿಗೂ ತಿಳಿದಿರುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲೂ ಯುನಾನಿ ಮದ್ದುಗಳನ್ನು ಪ್ಲಾಸಿಬೊ ಜೊತೆ ಹೋಲಿಸಿದ ಅಧ್ಯಯನಗಳು ನಡೆದಿವೆ. ನನ್ನ ಮದ್ದಿಗೂ ಇದೇ ಅಳತೆ ಎಂದು ಒಪ್ಪುವುದರಲ್ಲಿ ನನಗೆ ಸಂಕೋಚವಿಲ್ಲ.

ಮೋಸ ಮಾಡದೆಯೂ ಸಾಧ್ಯವೇ?

ರೋಗಿಗೆ ತಿಳಿಸದೆ ಬರೀ ಸಕ್ಕರೆ ಮಾತ್ರೆ ಕೊಟ್ಟು ಕಳುಹಿಸುವುದು ನಂಬಿಕೆಗೆ ದ್ರೋಹ. 2010ರಲ್ಲಿ ಹಾರ್ವರ್ಡ್ ವೈದ್ಯರು ಕರುಳಿನ ತೊಂದರೆಯಿದ್ದ 80 ಮಂದಿಯಲ್ಲಿ ಒಂದು ಗುಂಪಿಗೆ, "ಇದರಲ್ಲಿ ಮದ್ದಿಲ್ಲ" ಎಂದು ಹೇಳಿಯೇ ಮಾತ್ರೆ ಕೊಟ್ಟರು. ಮೂರು ವಾರಗಳಲ್ಲಿ ಅವರಲ್ಲಿ ಶೇ. 59 ಮಂದಿ ಆರಾಮವೆಂದರು. ಮಾತ್ರೆ ಪಡೆಯದವರಲ್ಲಿ ಶೇ. 35. ಕಾಳಜಿಯ ಮಾತಿಗೂ ಶಕ್ತಿಯಿದೆ. ರೋಗಿಯನ್ನು ಕಾಣಲು ಹೋದಾಗ ಧೈರ್ಯ ಹೇಳಿ. "ಇದೇ ಕಾಯಿಲೆಯಲ್ಲಿ ಇಂಥವರು ತೀರಿಕೊಂಡರು" ಎಂಬ ಕಥೆ ಬೇಡ. ಭಯವೂ ನೋವು ಹೆಚ್ಚಿಸುತ್ತದೆ.

ನೆನಪಿಡಿ

• ಸಕ್ಕರೆ, ಬಿ.ಪಿ., ಥೈರಾಯ್ಡ್, ಅಪಸ್ಮಾರದ ಮಾತ್ರೆಗಳನ್ನು ಆರಾಮವೆನಿಸಿತೆಂದು ಬಿಡಬೇಡಿ. ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ.

• ಹೆಸರು, ಅಂಶಗಳ ವಿವರವಿಲ್ಲದ ಪುಡಿ ತಿನ್ನಬೇಡಿ.

• ತೋಟದಲ್ಲಿ ಹಾವು ಕಚ್ಚಿದರೆ, ಎದೆನೋವು ಬಂದರೆ ನೇರ ಆಸ್ಪತ್ರೆಗೆ ಹೋಗಿ.

• ಯುನಾನಿ, ಆಯುರ್ವೇದ, ಇಂಗ್ಲಿಷ್ ಮದ್ದು ಯಾವುದೇ ಇರಲಿ, ತೆಗೆದುಕೊಳ್ಳುತ್ತಿರುವುದನ್ನೆಲ್ಲ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಆ ಹಿರಿಯರ ಗಾಯ ಒಣಗಲು ಎರಡು ತಿಂಗಳು ಬೇಕಾಯಿತು. ಅಲ್ಲಾಹನ ಕೃಪೆಯಿಂದ ಕಾಲು ಉಳಿಯಿತು. ಈಗ ಬಂದಾಗಲೆಲ್ಲ ಮೊದಲು ಪರೀಕ್ಷೆಯ ಚೀಟಿ ತೋರಿಸುತ್ತಾರೆ, ಆಮೇಲೆ ಮೈ ಹೇಗಿದೆ ಎಂದು ಹೇಳುತ್ತಾರೆ.